ಶರತ್‌ಚಂದ್ರರ ‘ದೇವದಾಸ’: ಪದೇ ಪದೇ ಕೇಳುವ ಪ್ರಶ್ನೆಗಳು

ಹುಡುಗಿ ಕೈಕೊಟ್ಟಳು ಅಂತ ಗಡ್ಡ ಬಿಟ್ಟು ತಿರುಗುವವನನ್ನು ನಾವು ‘ದೇವದಾಸ್’ ಅಂತ ರೇಗಿಸುತ್ತೇವೆ. ಪುಸ್ತಕ ತೆಗೆದು ನೋಡಿದರೆ ಕೈಕೊಟ್ಟಿದ್ದು ಹುಡುಗಿ ಅಲ್ಲ, ಹುಡುಗ. ಹೆಚ್ಚಿನ ಪ್ರಶ್ನೆಗಳು ಹುಟ್ಟುವುದೇ ಇಲ್ಲಿಂದ. ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದವುಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಕಥೆ ಗೊತ್ತಾಗಬಾರದು ಅನ್ನುವವರು ಮೊದಲ ಭಾಗ ಓದಿ ನಿಲ್ಲಿಸಬಹುದು. ಅದರಲ್ಲೂ ಎರಡನೇ ಪ್ರಶ್ನೆ ಬಿಟ್ಟುಬಿಡಿ.

## ಮೊದಲ ಸಲ ಕೇಳುವವರಿಗೆ

ಇದು ಸಿನಿಮಾ ಕಥೆ ಅಂದ್ಕೊಂಡಿದ್ದೆ. ನಿಜವಾಗ್ಲೂ ಪುಸ್ತಕ ಇದೆಯಾ?

ಇದೆ. ಶರತ್‌ಚಂದ್ರ ಚಟ್ಟೋಪಾಧ್ಯಾಯರು ಬಂಗಾಳಿಯಲ್ಲಿ ಬರೆದ ಕಾದಂಬರಿ. ಮೊದಲು ‘ಭಾರತವರ್ಷ’ ಪತ್ರಿಕೆಯಲ್ಲಿ ಕಂತುಗಳಾಗಿ ಬಂತು, ಆಮೇಲೆ 1917ರಲ್ಲಿ ಪುಸ್ತಕವಾಯಿತು. ಆದರೆ ಬರೆದದ್ದು ಅದಕ್ಕೂ ಎಷ್ಟೋ ವರ್ಷ ಮುಂಚೆ, 1900ರ ಹೊತ್ತಿಗೆ. ಆಗ ಶರತ್‌ಚಂದ್ರರು ಬಿಹಾರದ ಭಾಗಲ್ಪುರದಲ್ಲಿ, ತಾಯಿಯ ತವರಿನವರ ಊರಿನಲ್ಲಿದ್ದರು. ಅವರು ಹುಟ್ಟಿದ್ದು 1876ರಲ್ಲಿ, ಹುಗ್ಲಿ ಜಿಲ್ಲೆಯ ದೇವಾನಂದಪುರದಲ್ಲಿ. ಅಂದರೆ ಇದು ಇಪ್ಪತ್ತೈದು ತುಂಬದ ಹುಡುಗನ ಬರವಣಿಗೆ. ಓದುವಾಗ ಇದು ನೆನಪಿರಲಿ. ಕೆಲವು ಕಡೆ ಗೋಳು ಜಾಸ್ತಿಯಾಯಿತು ಅನ್ನಿಸಿದರೆ ಕಾರಣ ಅದೇ.

ಕಥೆ ಚಿಕ್ಕದಾಗಿ ಹೇಳಿ, ನೋಡೋಣ

ತಾಲ್‌ಸೋನಾಪುರ ಅನ್ನುವ ಹಳ್ಳಿ. ಜಮೀನ್ದಾರರ ಕಿರಿಮಗ ದೇವದಾಸ, ಪಕ್ಕದ ಮನೆಯ ಪಾರ್ವತಿ. ಇಬ್ಬರೂ ಒಟ್ಟಿಗೆ ಬೆಳೆದವರು. ಅವನು ಓದಲು ಕಲ್ಕತ್ತೆಗೆ ಹೋಗುತ್ತಾನೆ. ಮದುವೆ ಮಾತು ಬಂದಾಗ ಅವನ ಮನೆಯವರು ಒಪ್ಪುವುದಿಲ್ಲ, ಅವನು ಎದುರು ನಿಲ್ಲುವುದಿಲ್ಲ. ಪಾರ್ವತಿಯನ್ನು ಹಾತಿಪೋತಾ ಊರಿನ ಜಮೀನ್ದಾರ ಭುವನಮೋಹನ ಚೌಧರಿಗೆ ಕೊಡುತ್ತಾರೆ. ಅವನು ನಲವತ್ತರ ಆಸುಪಾಸಿನ, ಹೆಂಡತಿ ಸತ್ತ, ಬೆಳೆದ ಮಕ್ಕಳಿರುವ ಗಂಡಸು. ದೇವದಾಸ ಕಲ್ಕತ್ತೆಯಲ್ಲಿ ಕುಡಿತಕ್ಕೆ ಬೀಳುತ್ತಾನೆ. ಚಂದ್ರಮುಖಿ ಎಂಬ ವೇಶ್ಯೆ ಅವನನ್ನು ಹಚ್ಚಿಕೊಳ್ಳುತ್ತಾಳೆ, ಅವನಿಗಾಗಿ ಕಸುಬನ್ನೇ ಬಿಡುತ್ತಾಳೆ. ಕೊನೆಗೆ ಅವನು ಪಾರ್ವತಿಯ ಮನೆ ಬಾಗಿಲಿಗೆ ಬಂದು ಸಾಯುತ್ತಾನೆ. ಇಷ್ಟೇ.

ಎಷ್ಟು ದಪ್ಪ ಇದೆ? ಕನ್ನಡದಲ್ಲಿ ಓದಬಹುದಾ?

ಹದಿನಾರು ಅಧ್ಯಾಯಗಳ ಸಣ್ಣ ಪುಸ್ತಕ. ಒಂದು ಭಾನುವಾರ ಸಾಕು.

ಬಂಗಾಳಿ ಕಾದಂಬರಿ ಕನ್ನಡದವರಿಗೆ ಹೊಸದೇನೂ ಅಲ್ಲ. ಬಿ. ವೆಂಕಟಾಚಾರ್ಯರು ಹತ್ತೊಂಬತ್ತನೇ ಶತಮಾನದಲ್ಲೇ ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದು ಓದುವ ಚಟ ಹಿಡಿಸಿದ್ದರು. ಆಮೇಲೆ ಶರತ್ ಕಾದಂಬರಿಗಳೂ ಬಂದವು. ಹಳೆಯ ಊರ ಗ್ರಂಥಾಲಯಗಳಲ್ಲಿ, ಅಜ್ಜಿಯರ ಟ್ರಂಕುಗಳಲ್ಲಿ ಹುಡುಕಿದರೆ ಸಿಕ್ಕೀತು. ಇಂಗ್ಲಿಷ್ ಆದರೂ ಪರವಾಗಿಲ್ಲ ಅನ್ನುವವರಿಗೆ ಶ್ರೀಜಾತಾ ಗುಹಾ ಅವರ ಅನುವಾದ ಇದೆ. ಕೊಳ್ಳುವಾಗ ಒಂದು ಎಚ್ಚರ: ಸಿನಿಮಾ ನೋಡಿ ಬರೆದ ಕಥಾಸಾರಗಳೂ ಇದೇ ಹೆಸರಿನಲ್ಲಿ ಓಡಾಡುತ್ತವೆ. ಮೊದಲ ಪುಟದಲ್ಲಿ ಹಳ್ಳಿ ಶಾಲೆ, ವೈಶಾಖದ ಬಿಸಿಲು, ತೂಕಡಿಸುವ ಪಂಡಿತರು ಇಲ್ಲದಿದ್ದರೆ ಕೆಳಗಿಡಿ.

## ಕಥೆ ಓದಿದವರಿಗೆ

ಎರಡೂ ಬ್ರಾಹ್ಮಣರ ಮನೆ ಅಲ್ವಾ? ಮತ್ತೆ ಅಡ್ಡಿ ಎಲ್ಲಿ ಬಂತು?

ಜಾತಿ ಒಂದೇ, ಅಂತಸ್ತು ಬೇರೆ. ಪಾರ್ವತಿಯ ಚಕ್ರವರ್ತಿ ಮನೆತನದಲ್ಲಿ ಹೆಣ್ಣು ಕೊಡುವಾಗ ತೆರ ತೆಗೆದುಕೊಳ್ಳುವ ಪದ್ಧತಿ ಇತ್ತು. ದೇವದಾಸನ ಮನೆಯವರಾದ ಮುಖರ್ಜಿಗಳ ಕಣ್ಣಿಗೆ ಅದು ‘ಹೆಣ್ಣು ಮಾರುವ’ ಮನೆ. ತಮಾಷೆ ಅಂದರೆ ಪಾರ್ವತಿಯ ಅಪ್ಪ ನೀಲಕಂಠನಿಗೇ ಆ ಪದ್ಧತಿ ಕಂಡರೆ ಆಗದು, ಮಗಳಿಗೆ ತೆರ ತೆಗೆದುಕೊಳ್ಳುವ ಯೋಚನೆಯೇ ಅವನಿಗಿಲ್ಲ. ಎರಡನೇ ತಕರಾರು ಇನ್ನೂ ಸಣ್ಣದು: ಪಕ್ಕದ ಮನೆಯವರ ಜೊತೆ ಬೀಗತನವೇ, ಜನ ಏನಂದಾರು ಅಂತ.

ಹಾಗಾಗಿ ಬೆಟ್ಟದಂಥ ಅಡ್ಡಿ ಏನೂ ಇರಲಿಲ್ಲ. ದೇವದಾಸನ ಅಮ್ಮನಿಗೆ ಪಾರ್ವತಿಯ ಮೇಲೆ ಅಕ್ಕರೆಯೂ ಇತ್ತು. ಮಗ ಹಟ ಹಿಡಿದಿದ್ದರೆ ಏನಾಗುತ್ತಿತ್ತೋ. ಅವನು ಹಟ ಹಿಡಿಯಲಿಲ್ಲ. ಅಪ್ಪ ಗದರಿದ, ಇವನು ಕಲ್ಕತ್ತೆಗೆ ಹೋದ.

ಪಾರ್ವತಿಗೆ ಮದುವೆ ಆದಾಗ ನಿಜವಾಗಿ ಎಷ್ಟು ವಯಸ್ಸು?

ಹದಿಮೂರು. ಸಿನಿಮಾಗಳಲ್ಲಿ ತುಂಬು ಹರೆಯದ ನಟಿಯರನ್ನೇ ನೋಡಿದವರಿಗೆ ಇದು ಒಪ್ಪಿಕೊಳ್ಳಲು ಕಷ್ಟ.

ಆ ಕಾಲದಲ್ಲಿ ಹದಿಮೂರು ಅಂದರೆ ‘ವಯಸ್ಸು ಮೀರುತ್ತಿದೆ’ ಅಂತ ಮನೆಯವರು ಕಂಗಾಲಾಗುವ ಹೊತ್ತು. ಹುಡುಗಿಗೆ ಕನಿಷ್ಠ 14 ವರ್ಷ ಅಂತ ಗೊತ್ತುಮಾಡಿದ ಕಾನೂನು ಬ್ರಿಟಿಷ್ ಇಂಡಿಯಾದಲ್ಲಿ ಬಂದದ್ದೇ 1929ರಲ್ಲಿ, ಅಂದರೆ ಪುಸ್ತಕ ಬಂದು ಹನ್ನೆರಡು ವರ್ಷದ ಮೇಲೆ. ನಮ್ಮ ಮೈಸೂರು ಸಂಸ್ಥಾನ ಇದರಲ್ಲಿ ಸ್ವಲ್ಪ ಮುಂದಿತ್ತು. 1894ರಲ್ಲೇ ಒಂದು ಕಾನೂನು ತಂದಿತ್ತು: 8 ವರ್ಷದೊಳಗಿನ ಹುಡುಗಿಗೆ ಮದುವೆ ಮಾಡಬಾರದು, 50 ದಾಟಿದವನು 14ರೊಳಗಿನ ಹುಡುಗಿಯನ್ನು ಮದುವೆಯಾಗಬಾರದು. ಲೆಕ್ಕ ಹಾಕಿ ನೋಡಿ. ಭುವನಮೋಹನನ ಮದುವೆ ಮೈಸೂರಿನಲ್ಲಿ ನಡೆದಿದ್ದರೂ ಯಾರೂ ತಡೆಯುವಂತಿರಲಿಲ್ಲ.

ಇಷ್ಟೊಂದು ಗೋಳಿನ ಪುಸ್ತಕದಲ್ಲಿ ನಗು ಬರುವ ಜಾಗ ಒಂದಾದ್ರೂ ಇದೆಯಾ?

ಮೊದಲ ಅಧ್ಯಾಯಗಳು ಪೂರ್ತಿ ಹಾಗೇ ಇವೆ. ದೇವದಾಸ ಶಾಲೆಯ ಮಾನಿಟರ್ ಭುಲೋನನ್ನು ಸುಣ್ಣದ ರಾಶಿಗೆ ಕೆಡವಿ ಓಡಿಹೋಗುತ್ತಾನೆ. ಬಿದಿರು ಮೆಳೆಯಲ್ಲಿ ಕೂತು ಕದ್ದು ಹುಕ್ಕಾ ಸೇದುತ್ತಾನೆ. ಪಾರ್ವತಿ ಸೆರಗಿನಲ್ಲಿ ಮಂಡಕ್ಕಿ ಕಟ್ಟಿಕೊಂಡು ಅಲ್ಲಿಗೇ ಬರುತ್ತಾಳೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮೂರು ರೂಪಾಯಿಯ ಪ್ರಸಂಗ. ದೇವದಾಸ ಇಟ್ಟುಕೊಂಡಿರು ಅಂತ ಪಾರ್ವತಿಯ ಕೈಗೆ ಮೂರು ರೂಪಾಯಿ ಕೊಟ್ಟಿರುತ್ತಾನೆ. ದಾರಿಯಲ್ಲಿ ಮೂವರು ವೈಷ್ಣವ ಹೆಂಗಸರು ಹಾಡಿಕೊಂಡು ಭಿಕ್ಷೆಗೆ ಬರುತ್ತಾರೆ. ಇವಳು ಹಾಡು ಕೇಳಿ ಮೂರನ್ನೂ ಕೊಟ್ಟುಬಿಡುತ್ತಾಳೆ. ಅವನು ಹೇಳುತ್ತಾನೆ, ನಾನಾಗಿದ್ದರೆ ಎರಡೇ ಕೊಡುತ್ತಿದ್ದೆ, ತಲೆಗೆ ಹತ್ತಾಣೆ ಹದಿಮೂರು ಗಂಡಾ ಒಂದು ಕಡಾ ಒಂದು ಕ್ರಾಂತಿ ಬರುತ್ತಿತ್ತು ಅಂತ. ರೂಪಾಯಿಗೆ ಹದಿನಾರಾಣೆ, ಆಣೆಗೆ ಇಪ್ಪತ್ತು ಗಂಡಾ, ಗಂಡಾಕ್ಕೆ ನಾಲ್ಕು ಕಡಾ, ಕಡಾಕ್ಕೆ ಮೂರು ಕ್ರಾಂತಿ. ಹಳೆಯ ಬಂಗಾಳದ ಈ ಲೆಕ್ಕ ಕೂಡಿಸಿ ನೋಡಿದೆ, ಕೂದಲೆಳೆಯಷ್ಟೂ ತಪ್ಪಿಲ್ಲ. ಪಾರ್ವತಿ ಮಾತ್ರ ಪಟ್ಟಂತ ಕೇಳುತ್ತಾಳೆ, ಅವರಿಗೇನು ನಿನ್ನ ಹಾಗೆ ಲೆಕ್ಕ ಬರುತ್ತಾ? ಅವನು ನಕ್ಕು ಒಪ್ಪಿಕೊಳ್ಳುತ್ತಾನೆ.

ಅವನು ಕ್ರಾಂತಿಯವರೆಗೆ ಲೆಕ್ಕ ಹಾಕುತ್ತಾ ಕೂರುವವನು, ಅವಳು ಕೊಟ್ಟು ಮುಗಿಸುವವಳು. ಮುಂದೆ ಮದುವೆ ಮಾತಿನಲ್ಲೂ ಇಬ್ಬರೂ ಹೀಗೇ ನಡೆದುಕೊಳ್ಳುತ್ತಾರೆ.

ಅರ್ಧರಾತ್ರಿ ಅವನ ಕೋಣೆಗೆ ಹೋಗ್ತಾಳಲ್ಲ, ಆ ಕಾಲದಲ್ಲಿ ಅದು ಸಾಧ್ಯವಿತ್ತಾ?

ಸಾಧ್ಯವಿರಲಿಲ್ಲ, ಅದಕ್ಕೇ ಓದುಗರು ಬೆಚ್ಚಿಬಿದ್ದರು. ಮದುವೆ ಗೊತ್ತಾದ ಹುಡುಗಿ ರಾತ್ರಿ ಒಂದು ಗಂಟೆಗೆ ಒಬ್ಬಳೇ ನಡೆದು ಜಮೀನ್ದಾರರ ಮನೆ ಹೊಕ್ಕು, ಮಲಗಿದ್ದವನನ್ನು ಎಬ್ಬಿಸುತ್ತಾಳೆ. ಅವನಿಗೆ ಮೊದಲು ಹೊಳೆಯುವುದು ಏನು ಗೊತ್ತಾ? ಯಾರಾದರೂ ನೋಡಿದರಾ, ನಾಳೆ ಹೇಗೆ ಮುಖ ತೋರಿಸುತ್ತೀಯ ಅಂತ. ಅವಳ ಉತ್ತರ: ಹೊಳೆಯಲ್ಲಿ ಅಷ್ಟು ನೀರಿದೆಯಲ್ಲ, ನನ್ನ ಕಳಂಕ ಮುಚ್ಚಲು ಅದು ಸಾಲದಾ?

ಇಡೀ ಕಾದಂಬರಿಯಲ್ಲಿ ಧೈರ್ಯದ ಕೆಲಸ ಅಂತ ಒಂದಿದ್ದರೆ ಇದು. ಮಾಡಿದ್ದು ಹದಿಮೂರರ ಹುಡುಗಿ.

ಅವಳ ಹಣೆಗೆ ಹೊಡೀತಾನಲ್ಲ, ಅದನ್ನ ಪ್ರೀತಿ ಅಂತ ಯಾಕೆ ಹಾಡಿ ಹೊಗಳ್ತಾರೆ?

ಹೊಗಳಬಾರದು. ಆದರೆ ಆ ಹೊಡೆತಕ್ಕೆ ಮುಂಚೆ ಏನಾಯಿತು ಅಂತ ನೋಡಿ.

ಕಲ್ಕತ್ತೆಯಿಂದ ಅವನು ಪಾರ್ವತಿಗೆ ಒಂದು ಪತ್ರ ಬರೆದಿರುತ್ತಾನೆ. ನಿನ್ನನ್ನು ಅಷ್ಟೇನೂ ಪ್ರೀತಿಸಿದ್ದೇನೆ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ, ಮರೆತುಬಿಡು ಅನ್ನುವ ಅರ್ಥದ ಪತ್ರ. ಅಂಚೆಗೆ ಹಾಕಿದ ಮೇಲೆ ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತದೆ. ಊರಿಗೆ ಓಡಿಬಂದು ಕೊಳದ ಮೆಟ್ಟಿಲ ಹತ್ತಿರ ಅವಳನ್ನು ಹಿಡಿಯುತ್ತಾನೆ. ಅಪ್ಪ ಅಮ್ಮನನ್ನು ಒಪ್ಪಿಸುತ್ತೇನೆ ಅನ್ನುತ್ತಾನೆ. ಅವಳು ಕರಗುವುದಿಲ್ಲ. ನಿನಗೆ ಅಪ್ಪ ಅಮ್ಮ ಇದ್ದಾರೆ, ನನಗಿಲ್ವಾ, ಅವರ ಮಾತು ಬೇಡವಾ ಅಂತ ಕೇಳುತ್ತಾಳೆ. ನಾನು ಹೋಗುತ್ತಿರುವ ಮನೆಯವನು ದುಡ್ಡಿರುವವನು, ಬುದ್ಧಿಯಿರುವವನು, ಸ್ಥಿರ ಮನಸ್ಸಿನವನು ಅಂತಲೂ ಹೇಳುತ್ತಾಳೆ. ಕೊನೆಯ ಮಾತು ನೇರ ಎದೆಗೆ. ಅವನ ಕೈಯಲ್ಲಿ ಗಾಳದ ಕೋಲಿತ್ತು. ಚಂದ್ರನಿಗೂ ಕಲೆ ಇದೆ, ನಿನ್ನ ಸೊಕ್ಕಿಗೂ ಒಂದು ಗುರುತು ಬೇಕು ಅಂತ ಹೊಡೆದೇಬಿಡುತ್ತಾನೆ. ರಕ್ತ ಬರುತ್ತದೆ.

ಸೋತವನು ಕೈ ಎತ್ತಿದ್ದಾನೆ, ಅಷ್ಟೇ. ಆಮೇಲೆ ಪಾರ್ವತಿ ಆ ಗಾಯದ ಗುರುತನ್ನೇ ಜೋಪಾನ ಮಾಡುತ್ತಾಳೆ. ಇಂದಿನ ಓದುಗರಿಗೆ ಕಸಿವಿಸಿ ಆಗುವುದು ಅಲ್ಲೇ, ಆಗಬೇಕಾದದ್ದೂ ಸರಿಯೇ. ಇಲ್ಲಿ ಶರತ್‌ಚಂದ್ರರನ್ನು ಸಮರ್ಥಿಸಲು ನಾನು ಹೋಗುವುದಿಲ್ಲ.

ಮದುವೆ ಆದ ಮೇಲೆ ಪಾರ್ವತಿ ಬರೀ ಅಳ್ತಾ ಕೂತಿರ್ತಾಳಾ?

ಸಿನಿಮಾಗಳಲ್ಲಿ ಹೌದು. ಪುಸ್ತಕದಲ್ಲಿ ಹಾತಿಪೋತಾದ ಮನೆ ಅವಳ ಕೈಯಲ್ಲಿ ನಡೆಯುತ್ತದೆ. ಅಪ್ಪ ಮತ್ತೆ ಮದುವೆಯಾದ ಅಂತ ಸಿಟ್ಟಾಗಿದ್ದ ಮಲಮಗಳು ತವರಿಗೆ ಬಂದಾಗ, ಇವಳು ತನ್ನ ಒಡವೆಗಳನ್ನೆಲ್ಲ ಬಿಚ್ಚಿ ಅವಳಿಗೇ ತೊಡಿಸುತ್ತಾಳೆ. ದಾನಧರ್ಮ ಎಷ್ಟು ಮಾಡುತ್ತಾಳೆ ಅಂದರೆ, ಆಸ್ತಿ ಕರಗುತ್ತಿದೆ ಅಂತ ಹಿರಿಮಗನ ಹೆಂಡತಿ ಗಂಡನ ಕಿವಿ ಕಚ್ಚುತ್ತಾಳೆ. ಒಳಗೆ ನೋವಿದೆ, ಹೊರಗೆ ಸಂಸಾರ ನಡೆಯುತ್ತಿದೆ. ಗಂಡನೂ ಕೆಟ್ಟವನಲ್ಲ, ತನ್ನಿಂದ ಹುಡುಗಿಗೆ ಅನ್ಯಾಯ ಆಯಿತಲ್ಲ ಅಂತ ಒಳಗೊಳಗೇ ಕುಗ್ಗಿದವನು.

## ಸಿನಿಮಾ ನೋಡಿ ಬಂದವರಿಗೆ

ಪಾರ್ವತಿ, ಚಂದ್ರಮುಖಿ ಒಟ್ಟಿಗೆ ಕುಣಿಯೋದು ಪುಸ್ತಕದಲ್ಲಿ ಎಷ್ಟನೇ ಅಧ್ಯಾಯ?

ಯಾವ ಅಧ್ಯಾಯವೂ ಅಲ್ಲ. ಪುಸ್ತಕದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡುವುದೇ ಇಲ್ಲ. ಬಿಮಲ್ ರಾಯ್ 1955ರ ಚಿತ್ರದಲ್ಲಿ ದಾರಿಯಲ್ಲಿ ಎದುರುಬದುರು ಹಾಯಿಸಿದರು, ಅದೂ ಒಂದು ಮಾತಿಲ್ಲದೆ. 2002ರಲ್ಲಿ ಸಂಜಯ್ ಲೀಲಾ ಬನ್ಸಾಲಿ ಒಟ್ಟಿಗೆ ಕುಣಿಸಿದರು. ದೇವದಾಸ ಲಂಡನ್‌ನಿಂದ ವಾಪಸ್ ಬರುವುದು ಕೂಡ ಅದೇ ಚಿತ್ರದ ಸೇರ್ಪಡೆ. ಪುಸ್ತಕದ ದೇವದಾಸ ಕಲ್ಕತ್ತೆಗಿಂತ ದೊಡ್ಡ ಓದಿಗೆ ಹೋದವನಲ್ಲ.

ಇಷ್ಟೊಂದು ದೇವದಾಸರಿದ್ದಾರೆ, ಯಾವುದು ನೋಡಲಿ?

1928ರಲ್ಲಿ ಮೂಕಿಚಿತ್ರವಾಗಿ ಶುರುವಾದದ್ದು ಇನ್ನೂ ನಿಂತಿಲ್ಲ. 1935ರಲ್ಲಿ ಕಲ್ಕತ್ತೆಯ ನ್ಯೂ ಥಿಯೇಟರ್ಸ್ ಚಿತ್ರಸಂಸ್ಥೆಗಾಗಿ ಪಿ.ಸಿ. ಬರುವಾ ಬಂಗಾಳಿಯಲ್ಲಿ ಮಾಡಿದರು, ತಾವೇ ದೇವದಾಸ ಆದರು. ಅದರ ಬೆನ್ನಿಗೇ ಕೆ.ಎಲ್. ಸೈಗಲ್ ನಟಿಸಿ ಹಾಡಿದ ಹಿಂದಿ ಚಿತ್ರ ಬಂತು. ದೇಶಕ್ಕೆಲ್ಲ ದೇವದಾಸನ ಹುಚ್ಚು ಹತ್ತಿದ್ದು ಆ ಹಾಡುಗಳಿಂದ.

ಕರ್ನಾಟಕದಲ್ಲಿ ಹಿಂದಿನ ತಲೆಮಾರಿನ ಎಷ್ಟೋ ಜನರಿಗೆ, ಅದರಲ್ಲೂ ಬೆಂಗಳೂರು, ಕೋಲಾರ, ಬಳ್ಳಾರಿ ಕಡೆಯವರಿಗೆ, ದೇವದಾಸ ಅಂದರೆ 1953ರ ತೆಲುಗು ಚಿತ್ರದ ಅಕ್ಕಿನೇನಿ ನಾಗೇಶ್ವರರಾವ್. ಪಾರ್ವತಿಯಾಗಿ ಸಾವಿತ್ರಿ, ಹಾಡಿದ್ದು ಘಂಟಸಾಲ. ಮದುವೆ ಮನೆಯಲ್ಲಿ ಹಿರಿಯರು ಇವತ್ತಿಗೂ ಗುನುಗುವುದು ಆ ಹಾಡನ್ನೇ.

ಒಂದೇ ನೋಡುತ್ತೇನೆ ಅನ್ನುವವರಿಗೆ ನನ್ನ ಮತ ಬಿಮಲ್ ರಾಯ್ ಚಿತ್ರಕ್ಕೆ. ದಿಲೀಪ್ ಕುಮಾರ್, ಸುಚಿತ್ರಾ ಸೇನ್, ವೈಜಯಂತಿಮಾಲಾ. ಪುಸ್ತಕಕ್ಕೆ ಹೆಚ್ಚು ಹತ್ತಿರ ಇದೆ, ಅರಚಾಟ ಇಲ್ಲ. ಚಂದ್ರಮುಖಿಯ ಪಾತ್ರಕ್ಕೆ ಪೋಷಕ ನಟಿ ಅಂತ ಫಿಲ್ಮ್‌ಫೇರ್ ಪ್ರಶಸ್ತಿ ಕೊಟ್ಟಾಗ, ನನ್ನ ಪಾತ್ರ ಪಾರ್ವತಿಯದಕ್ಕೆ ಸಮ ಅಂತ ವೈಜಯಂತಿಮಾಲಾ ಬೇಡವೆಂದರು. ಪುಸ್ತಕ ಓದಿದವರು ಅವರ ಕಡೆಗೇ ನಿಲ್ಲುತ್ತಾರೆ.

ಕೊನೆಯಲ್ಲಿ ಪಾರು ಓಡಿಬರ್ತಾಳೆ, ದೊಡ್ಡ ಬಾಗಿಲು ಮುಚ್ಚುತ್ತೆ. ಪುಸ್ತಕದಲ್ಲೂ ಹಾಗೇನಾ?

ಬಾಗಿಲು ಮುಚ್ಚುವುದು ಸಿನಿಮಾದ್ದು. ಪುಸ್ತಕದ ಕೊನೆ ಅದಕ್ಕಿಂತ ಒರಟು.

ದೇವದಾಸ ಕಾಯಿಲೆಯಿಂದ ಕುಗ್ಗಿ ರೈಲಿನಲ್ಲಿ ಬರುತ್ತಿರುತ್ತಾನೆ. ಜೊತೆಗಿದ್ದ ಹಳೆಯ ಆಳು ಧರ್ಮದಾಸ ಮಲಗಿರುವಾಗ ಪಾಂಡುವಾ ಸ್ಟೇಷನ್ನಿನಲ್ಲಿ ಇಳಿದುಬಿಡುತ್ತಾನೆ. ಸಾಯುವ ಮುಂಚೆ ಒಮ್ಮೆ ನಿನ್ನ ಬಾಗಿಲಿಗೆ ಬರುತ್ತೇನೆ ಅಂತ ಪಾರ್ವತಿಗೆ ಮಾತು ಕೊಟ್ಟಿದ್ದ. ಎತ್ತಿನ ಗಾಡಿ ಹಿಡಿದು ಹಾತಿಪೋತಾ ಮುಟ್ಟುವಾಗ ನಡುರಾತ್ರಿ. ಮನೆಯ ಮುಂದಿನ ಅರಳಿಮರದ ಕೆಳಗೆ ಗಾಡಿಯವನು ಇಳಿಸುತ್ತಾನೆ. ಬೆಳಗಾದ ಮೇಲೆ ಜನ ಸೇರುತ್ತಾರೆ, ಯಾರೋ ಪರದೇಶಿ ಅಂದುಕೊಳ್ಳುತ್ತಾರೆ. ಅವನು ಅಲ್ಲೇ ಸಾಯುತ್ತಾನೆ. ಜಾತಿ ಗೊತ್ತಿಲ್ಲದ ಹೆಣವನ್ನು ಮುಟ್ಟಲು ಊರಿನಲ್ಲಿ ಯಾರೂ ಮುಂದೆ ಬರುವುದಿಲ್ಲ. ಚಂಡಾಲರು ಒಯ್ದು ಒಣಗಿದ ಕೆರೆಯ ದಂಡೆಯಲ್ಲಿ ಅರೆಬರೆ ಸುಟ್ಟು ಬಿಡುತ್ತಾರೆ.

ಸತ್ತವನು ಯಾರು ಅಂತ ಪಾರ್ವತಿಗೆ ತಿಳಿಯುವುದು ಆಮೇಲೆ. ಓಡುತ್ತಾಳೆ, ಮನೆಯವರು ಹಿಡಿಯುತ್ತಾರೆ, ಮೂರ್ಛೆ ಹೋಗುತ್ತಾಳೆ. ಮರುದಿನ ಎಚ್ಚರವಾದಾಗ ಕೆಲಸದವಳನ್ನು ಕರೆದು ಕೇಳುವುದು ಒಂದೇ ಮಾತು: ರಾತ್ರಿಯೇ ಬಂದಿದ್ದರಲ್ವಾ? ರಾತ್ರಿಯೆಲ್ಲಾ ಇದ್ದರಲ್ವಾ? ಅಷ್ಟು ಹೊತ್ತು ಅವನು ಹೊರಗಿದ್ದ, ಅವಳು ಒಳಗಿದ್ದಳು. ಯಾವ ಬಾಗಿಲಿನ ದೃಶ್ಯವೂ ಆ ಪ್ರಶ್ನೆಯಷ್ಟು ಚುಚ್ಚುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

## ಇನ್ನೂ ಒಳಕ್ಕೆ ಹೋಗುವವರಿಗೆ

ಶರತ್‌ಚಂದ್ರರಿಗೇ ಈ ಪುಸ್ತಕ ಇಷ್ಟ ಇರಲಿಲ್ಲ ಅಂತಾರೆ, ಹೌದಾ?

ಅಚ್ಚು ಹಾಕಿಸಲು ಅವರಿಗೆ ಮನಸ್ಸಿರಲಿಲ್ಲ ಅನ್ನುವುದು ನಿಜ. ಹಸ್ತಪ್ರತಿ ವರ್ಷಗಟ್ಟಲೆ ಹಾಗೇ ಬಿದ್ದಿತ್ತು. ನಡುವೆ ಅವರು 1903ರಲ್ಲಿ ಬರ್ಮಾದ ರಂಗೂನಿಗೆ ಹೋಗಿ ಗುಮಾಸ್ತರಾದರು, 1916ರಲ್ಲಿ ಹಿಂದಿರುಗಿದರು. ಆ ಹೊತ್ತಿಗೆ ಹೆಸರು ಬಂದಿತ್ತು, ಪತ್ರಿಕೆಯವರು ಏನು ಕೊಟ್ಟರೂ ಹಾಕುತ್ತೇವೆ ಅನ್ನುತ್ತಿದ್ದರು. ಹಳೆಯ ಹಸ್ತಪ್ರತಿ ಹಾಗೆ ಹೊರಬಂತು. ಎಳೆ ವಯಸ್ಸಿನ ಬರಹ ಅಂತ ಅವರಿಗೆ ಮುಜುಗರ. ಜನ ಮಾತ್ರ ಅದನ್ನೇ ಅಪ್ಪಿಕೊಂಡರು.

ಅವನು ಕುಡಿದು ಹಾಳಾದದ್ದು ಪಾರ್ವತಿಯಿಂದಲೇ ಅಲ್ವಾ?

ಹಾಗಂತ ಅವನು ಹೇಳಿಕೊಳ್ಳುತ್ತಾನೆ. ನನಗೆ ಪೂರ್ತಿ ನಂಬಿಕೆ ಇಲ್ಲ.

ಅವನ ಬಳಿ ಮಾಡಲು ಕೆಲಸವೇ ಇಲ್ಲ, ಅದನ್ನು ಗಮನಿಸಿ. ಬಂಗಾಳದ ಜಮೀನ್ದಾರಿ 1793ರ ಕಾಯಂ ಗುತ್ತಿಗೆಯಿಂದ ಗಟ್ಟಿಯಾದದ್ದು. ಸರ್ಕಾರಕ್ಕೆ ಕಟ್ಟುವ ಕಂದಾಯ ನಿಗದಿ, ರೈತರಿಂದ ಬರುವ ಗೇಣಿ ಅದಕ್ಕಿಂತ ಜಾಸ್ತಿ. ಅಂಥ ಮನೆಯ ಕಿರಿಮಗ ಊರಿನಲ್ಲಿ ಇರಬೇಕಾಗಿಲ್ಲ, ಕಲ್ಕತ್ತೆಯಲ್ಲಿ ದುಡಿಯಬೇಕಾಗಿಯೂ ಇಲ್ಲ. ಅಪ್ಪ ತೀರಿಕೊಂಡ ಮೇಲೆ ಆಸ್ತಿ ಭಾಗವಾಗುತ್ತದೆ. ಅಣ್ಣ ದ್ವಿಜದಾಸ ಲೆಕ್ಕದಲ್ಲಿ ಚುರುಕು, ಇವನು ತನ್ನ ಪಾಲು ಕುಡಿದು ಕರಗಿಸುತ್ತಾನೆ. ಕುಡಿಯುವುದಕ್ಕೆ ಬೇಕಾದ ಬಿಡುವು, ದುಡ್ಡು ಎರಡನ್ನೂ ಕೊಟ್ಟದ್ದು ರೈತರ ಗೇಣಿ. ಪಾರ್ವತಿಗೂ ಅದೇ ದುಃಖ ಇತ್ತು, ಅವಳಿಗೆ ಆ ಸೌಕರ್ಯ ಇರಲಿಲ್ಲ.

ಚಂದ್ರಮುಖಿಯನ್ನ ಅವನು ಪ್ರೀತಿಸಿದ್ನಾ, ಇಲ್ಲ ಸುಮ್ನೆ ಬಳಸಿಕೊಂಡ್ನಾ?

ಮೊದಲು ಅಸಹ್ಯ ಪಟ್ಟ. ಗೆಳೆಯ ಚುನಿಲಾಲನ ಜೊತೆ ಹೋದವನು ಅವಳ ಮುಂದೆ ನೋಟು ಎಸೆದು ಎದ್ದುಬಂದ. ಅವಳಿಗೆ ಹಿಡಿಸಿದ್ದು ಆ ತಿರಸ್ಕಾರವೇ. ಮುಂದೆ ಮನೆ, ಒಡವೆ ಬಿಟ್ಟು ಹಳ್ಳಿಯಲ್ಲಿ ಒಂದು ಮಣ್ಣಿನ ಮನೆ ಮಾಡಿಕೊಂಡು ಇರುತ್ತಾಳೆ. ಆಮೇಲೆ ಅವನನ್ನು ಹುಡುಕಲೆಂದೇ ಕಲ್ಕತ್ತೆಗೆ ಮರಳುತ್ತಾಳೆ. ಕುಡಿದು ಬೀದಿಯಲ್ಲಿ ಬಿದ್ದವನನ್ನು ಎತ್ತಿ ತಂದು ಆರೈಕೆ ಮಾಡುತ್ತಾಳೆ.

ಕೊನೆಯ ಸಲ ಬೀಳ್ಕೊಡುವಾಗ ಅವನು ಆಡುವ ಮಾತನ್ನು ಬಹಳ ಜನ ಗಮನಿಸುವುದಿಲ್ಲ. ಸತ್ತ ಮೇಲೆ ಮತ್ತೆ ಕೂಡುವುದು ಅಂತ ಇದ್ದರೆ, ನಿನ್ನಿಂದ ನಾನು ದೂರ ಇರಲಾರೆ ಅನ್ನುತ್ತಾನೆ. ಪಾರ್ವತಿಗಲ್ಲ, ಚಂದ್ರಮುಖಿಗೆ. ಆದರೂ ಸಾಯಲು ಹೋದದ್ದು ಪಾರ್ವತಿಯ ಬಾಗಿಲಿಗೆ. ಅವನ ಮನಸ್ಸು ಕೊನೆಯವರೆಗೂ ಒಂದು ಕಡೆ ನಿಲ್ಲಲಿಲ್ಲ. ಕೊಳದ ಹತ್ತಿರ ಪಾರ್ವತಿ ಹೇಳಿದ ‘ಸ್ಥಿರ ಮನಸ್ಸು’ ಅವನಲ್ಲಿ ಇರಲೇ ಇಲ್ಲ.

ಹಾಗಾದ್ರೆ ಲೇಖಕರು ಅವನನ್ನ ಹೀರೋ ಮಾಡಿದ್ದಾರಾ, ಬೈದಿದ್ದಾರಾ?

ಎರಡೂ ಇಲ್ಲ. ಕೊನೆಯ ಪ್ಯಾರಾದಲ್ಲಿ ಲೇಖಕರು ಕಥೆ ನಿಲ್ಲಿಸಿ ನೇರವಾಗಿ ಓದುಗರ ಜೊತೆ ಮಾತಾಡುತ್ತಾರೆ. ಇಂಥ ನತದೃಷ್ಟ, ಹಿಡಿತವಿಲ್ಲದ ಪಾಪಿಯ ಪರಿಚಯ ನಿಮಗಾದರೆ ಅವನಿಗಾಗಿ ಸ್ವಲ್ಪ ಪ್ರಾರ್ಥಿಸಿ ಅಂತ ಕೇಳಿಕೊಳ್ಳುತ್ತಾರೆ. ಯಾರಿಗೂ ಇಂಥ ಸಾವು ಬೇಡ, ಸಾಯುವ ಹೊತ್ತಿಗೆ ಹಣೆಯ ಮೇಲೆ ಒಂದು ಅಕ್ಕರೆಯ ಕೈ ಇರಲಿ ಅನ್ನುತ್ತಾರೆ. ಪಾಪಿ ಅಂತ ಕರೆದೇ ಕರುಣೆ ಕೇಳಿದ್ದಾರೆ. ಅವನ ಹಾಗೆ ಬದುಕಿ ಅಂತ ಎಲ್ಲೂ ಹೇಳಿಲ್ಲ. ಆ ಭಾಗವನ್ನು ಸೇರಿಸಿದ್ದು ಸೈಗಲ್ ದನಿ, ಘಂಟಸಾಲ ದನಿ, ಮತ್ತೆ ಬಾಟಲಿ ಹಿಡಿದ ಪೋಸ್ಟರುಗಳು.

ಇದಾದ ಮೇಲೆ ಶರತ್‌ರದ್ದೇ ಇನ್ನೇನು ಓದಲಿ?

ಹಗುರವಾದ, ಸುಖವಾಗಿ ಮುಗಿಯುವ ಪ್ರೇಮಕಥೆ ಬೇಕಿದ್ದರೆ 1914ರ ‘ಪರಿಣೀತಾ’. ಅಲ್ಲೂ ಪಕ್ಕದ ಮನೆಯ ಹುಡುಗಿ, ಅಲ್ಲೂ ಹಿಂದೆಮುಂದೆ ನೋಡುವ ಹುಡುಗ, ಆದರೆ ಕೊನೆಗೆ ಬುದ್ಧಿ ಬರುತ್ತದೆ. ಪುರುಸೊತ್ತಿದ್ದರೆ ನಾಲ್ಕು ಭಾಗಗಳ ‘ಶ್ರೀಕಾಂತ’. ಅದನ್ನು ಬರೆದ ಶರತ್‌ಚಂದ್ರರಿಗೆ ವಯಸ್ಸಾಗಿತ್ತು, ಊರೂರು ಸುತ್ತಿದ ಅನುಭವವೂ ಇತ್ತು. ಅದರಲ್ಲಿ ಬರುವ, ಹಾಡಿ ಕುಣಿಯುವ ಕಸುಬಿನ ರಾಜಲಕ್ಷ್ಮಿಯನ್ನು ಓದಿದ ಮೇಲೆ ಚಂದ್ರಮುಖಿಯ ಪುಟಗಳಿಗೆ ಮತ್ತೊಮ್ಮೆ ಬನ್ನಿ. ಅದೇ ಹೆಣ್ಣನ್ನು ಅವರು ಎರಡನೇ ಸಲ, ಇನ್ನೂ ಚೆನ್ನಾಗಿ ಬರೆದಿದ್ದಾರೆ ಅಂತ ನನಗನ್ನಿಸಿದೆ.